ಒಳಗಿರುವ ಸ್ವಾಮಿಯ ದರ್ಶನ



ಸಂತೆಮರಹಳ್ಳಿ ಮಾರ್ಗವಾಗಿ ಬೆಟ್ಟಕ್ಕೆ ಬರುವವರು ಹಣ್ಣುಕಾಯಿ ಮಾಡಿಸಿ, ತೀರ್ಥಪ್ರಸಾದ ಸ್ವೀಕರಿಸಿ ಇಳಿಯುತ್ತಾರೆ. ಇಳಿದ ಮೇಲೆ ಸ್ವಾಮಿ ಎಲ್ಲಿ? ಬೆಟ್ಟದ ಮೇಲೇ ಉಳಿದನೋ, ನಮ್ಮ ಜೊತೆ ಬಂದನೋ? ಇದಕ್ಕೆ ಶಾಸ್ತ್ರ ಕೊಡುವ ಉತ್ತರವನ್ನು ಇಲ್ಲಿ ಸಂಕ್ಷಿಪ್ತವಾಗಿ ತಿಳಿಸಲಾಗಿದೆ.

ಸುಮಾರು 500 ವರ್ಷಗಳ ಹಿಂದೆ ಇದ್ದ ನಿಜಗುಣ ಶಿವಯೋಗಿಗಳು ನಮ್ಮ ಸೀಮೆಯವರೇ. ಚಿಲಕವಾಡಿಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದರೆಂದು ಪ್ರತೀತಿ. ಸಂಸ್ಕೃತ ಬಾರದವರಿಗೂ ಆತ್ಮವಿಚಾರ ತಿಳಿಯಲೆಂದು ಅವರು ಕನ್ನಡದಲ್ಲೇ ಬರೆದರು. 'ಕೈವಲ್ಯ ಪದ್ಧತಿ' ಹಾಡುಗಳಲ್ಲಿದೆ, 'ಅನುಭವಸಾರ' ತ್ರಿಪದಿಯಲ್ಲಿದೆ, 'ವಿವೇಕ ಚಿಂತಾಮಣಿ' ಗದ್ಯದಲ್ಲಿದೆ. ಹುಬ್ಬಳ್ಳಿಯ ಸಿದ್ಧಾರೂಢರು (1836–1929) ಇವರ ಶಾಸ್ತ್ರಗಳನ್ನೇ ಜನರಿಗೆ ಬಿಡಿಸಿ ಹೇಳುತ್ತಿದ್ದರು.

ಶಿವಯೋಗಿಗಳ ಅಂಕಿತ 'ಶಂಭುಲಿಂಗ'. ಮೇಲ್ನೋಟಕ್ಕೆ ಅದು ಬೆಟ್ಟದ ದೇವರ ಹೆಸರು. ಒಳಗಿನ ಅರ್ಥದಲ್ಲಿ ಅದು ನಮ್ಮೊಳಗಿನ ಆತ್ಮನ ಹೆಸರು. ಶಾಸ್ತ್ರ ಓದುವಾಗ ಈ ಎರಡನೇ ಅರ್ಥ ಹಿಡಿದರೆ, ಬೇರೆ ಯಾರದೋ ಕಥೆ ಅಂದುಕೊಂಡದ್ದು ನಮ್ಮದೇ ಆಗುತ್ತದೆ.

ಛಾಂದೋಗ್ಯ ಉಪನಿಷತ್ತಿನ 6ನೇ ಅಧ್ಯಾಯ ನೋಡಿ. ಶ್ವೇತಕೇತು 12 ವರ್ಷ ಓದಿ ಗರ್ವದಿಂದ ಮನೆಗೆ ಬಂದ. ತಂದೆ ಉದ್ದಾಲಕ ರಾತ್ರಿ ನೀರಿಗೆ ಉಪ್ಪು ಹಾಕಿಸಿ, ಬೆಳಿಗ್ಗೆ ಆ ಉಪ್ಪನ್ನು ತೆಗೆದುಕೊಡು ಎಂದ. ಉಪ್ಪು ಕಾಣಲಿಲ್ಲ. ಮೇಲೆ, ನಡುವೆ, ತಳದಲ್ಲಿ ಎಲ್ಲಿ ರುಚಿ ನೋಡಿದರೂ ಉಪ್ಪೇ. ಆ ಪಾತ್ರೆ ಬೇರೆಲ್ಲೂ ಇಲ್ಲ, ಈ ದೇಹವೇ ಅದು. ಸ್ವಾಮಿ ಕಣ್ಣಿಗೆ ಕಾಣುವುದಿಲ್ಲ, ಅನುಭವಕ್ಕೆ ಸಿಗುತ್ತಾನೆ.

ಸಿಗುವುದು ಹೇಗೆ ಅಂತ ಕೇಳಬಹುದು. ಸಂತೆಮರಹಳ್ಳಿ ಸುತ್ತಮುತ್ತ ರೇಷ್ಮೆ ಕೆಲಸ ಬಲ್ಲವರಿದ್ದಾರೆ. ಗೂಡನ್ನು ಬಿಸಿನೀರಿಗೆ ಹಾಕಿ ಮೊದಲು ಎಳೆಯ ತುದಿ ಹುಡುಕುತ್ತಾರೆ. ತುದಿ ಸಿಕ್ಕಿದರೆ ಎಳೆ ಬಿಚ್ಚುತ್ತಾ ಹೋಗುತ್ತದೆ. ನಾವು ಹುಡುಕಬೇಕಾದ ತುದಿ 'ನನ್ನ' ಎಂಬ ಮಾತು. 'ನನ್ನ ಮನೆ' ಅನ್ನುವವನು ಮನೆಯಲ್ಲ. 'ನನ್ನ ಕಾಲು ನೋಯುತ್ತದೆ' ಅನ್ನುವವನು ಕಾಲಲ್ಲ. 'ನನ್ನ ಮನಸ್ಸು ಸರಿಯಿಲ್ಲ' ಅನ್ನುವಾಗ ಆ ಮನಸ್ಸನ್ನೂ ನೋಡುತ್ತಿರುವ ಸಾಕ್ಷಿ ಒಳಗಿದೆ. ಆ ಸಾಕ್ಷಿಯೇ ಸ್ವಾಮಿ. ಕೇಳುವುದು ಶ್ರವಣ, ಹೀಗೆ ಬಿಡಿಸಿ ಯೋಚಿಸುವುದು ಮನನ, ಅದರಲ್ಲೇ ನೆಲೆನಿಲ್ಲುವುದು ನಿದಿಧ್ಯಾಸನ.

ಒಂದು ಎಚ್ಚರಿಕೆ. 'ನಾನೇ ದೇವರು' ಅಂತ ಬೀಗುವುದು ಜ್ಞಾನವಲ್ಲ, ಅದು ಶ್ವೇತಕೇತುವಿನ ಹಳೇ ಗರ್ವ. ನನ್ನೊಳಗಿರುವವನೇ ಸಾಲಿನಲ್ಲಿ ಮುಂದೆ ನಿಂತವರಲ್ಲೂ, ಎಲ್ಲಾ ಜಾತಿಯವರಲ್ಲೂ ಇದ್ದಾನೆ. ಅವರನ್ನು ತಳ್ಳಿ ಗರ್ಭಗುಡಿ ಮುಂದೆ ನಿಂತರೆ ಯಾವ ದರ್ಶನವಾಯಿತು?

ಮೊಣಕಾಲು ನೋವಿನಿಂದ ಕೆಳಗೇ ಕುಳಿತ ತಾಯಂದಿರು, ಹಿರಿಯರು ದರ್ಶನ ತಪ್ಪಿತೆಂದು ಕೊರಗಬಾರದು. ಕುಳಿತಲ್ಲೇ ಕಣ್ಣು ಮುಚ್ಚಿ, 'ಈ ನೋವನ್ನು ತಿಳಿಯುತ್ತಿರುವವರು ಯಾರು?' ಎಂದು ಸ್ವಲ್ಪ ಹೊತ್ತು ವಿಚಾರ ಮಾಡಿ. ಮೇಲೆ ಹೋದವರು ಪ್ರಸಾದ ತಂದುಕೊಡುತ್ತಾರೆ, ಸ್ವಾಮಿಯನ್ನು ಯಾರೂ ತಂದುಕೊಡಬೇಕಾಗಿಲ್ಲ.