ನಮ್ಮ ಡಿಗ್ರಿಯ ನಿಜವಾದ ಬೆಲೆ ಎಷ್ಟು?

ಫೀಸು ಎಷ್ಟಾಯ್ತು ಅಂತ ನಾವೆಲ್ಲ ಲೆಕ್ಕ ಇಟ್ಟಿರ್ತೀವಿ. ಬಡ್ಡಿಯದ್ದು? ಒಮ್ಮೆ ಮಾಡಿ ನೋಡೋಣ.

ವರ್ಷಕ್ಕೆ 2.5 ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ ಶಿಕ್ಷಣ ಸಾಲ, ಬಡ್ಡಿ ಶೇ. 10 ಅಂತಿಟ್ಟುಕೊಳ್ಳೋಣ. ಸಾಮಾನ್ಯವಾಗಿ ಕಂತು ಶುರುವಾಗೋದು ಕೋರ್ಸ್ ಮುಗಿದು ಒಂದು ವರ್ಷಕ್ಕೆ. ಆದರೆ ಬಡ್ಡಿ ಹಣ ಪಡೆದ ದಿನದಿಂದಲೇ ಓಡ್ತಿರುತ್ತೆ. ಸರಳ ಬಡ್ಡಿ ಹಿಡಿದರೂ ಅಷ್ಟರಲ್ಲಿ 3.5 ಲಕ್ಷ ಸೇರಿ ಸಾಲ 13.5 ಲಕ್ಷ ಆಗಿರುತ್ತೆ. ಹತ್ತು ವರ್ಷದಲ್ಲಿ ತೀರಿಸೋಕೆ ತಿಂಗಳಿಗೆ ಸುಮಾರು 17,840 ರೂಪಾಯಿ ಇಎಂಐ. ಕೈಗೆ 25,000 ಸಂಬಳ ಬಂದರೆ ಉಳಿಯೋದು 7,160. ಬೆಂಗಳೂರಲ್ಲಿ ಪಿಜಿ, ಊಟ, ಬಸ್ಸು ಎಲ್ಲಾ ಇಷ್ಟರಲ್ಲೇ ಆಗಬೇಕು.

ಪ್ಲೇಸ್‌ಮೆಂಟ್ ಮಂದವಾಗಿರುವ ವರ್ಷ ಕೆಲಸ ತಡವಾಗಬಹುದು, ಕಂತು ಕಾಯಲ್ಲ. ಆಗ ಜೊತೆಗೆ ಸಹಿ ಹಾಕಿದ ಅಪ್ಪ-ಅಮ್ಮನೇ ಕಟ್ಟಬೇಕು.

ಹಾಗಂತ ಡಿಗ್ರಿ ದಂಡ ಅಲ್ಲ. ಸಂಬಳ ಏರಿದಂತೆ ಇದೇ ಕಂತು ಹಗುರಾಗುತ್ತೆ. ಕಷ್ಟ ಇರೋದು ಮೊದಲ ಕೆಲವು ವರ್ಷ. ಓದುವಾಗಲೇ ಶುರುಮಾಡಿ ಕಂತು ಶುರುವಾಗೋವರೆಗೂ ಬಡ್ಡಿ ಕಟ್ಟುತ್ತಾ ಹೋದರೆ ಇಎಂಐ ಸುಮಾರು 13,215ಕ್ಕೆ ಇಳಿಯುತ್ತೆ. ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ 2,100ರೊಳಗೆ, ಕೊನೇ ವರ್ಷ ಸುಮಾರು 8,300. ಪೂರ್ತಿ ಆಗದಿದ್ದರೆ ಆದಷ್ಟು ಕಟ್ಟೋಣ. ಆಫರ್ ಬಂದಾಗ ಸಿಟಿಸಿ ಬಿಟ್ಟು ಕೈಗೆ ಬರೋ ಸಂಬಳವನ್ನ ಇಎಂಐ ಪಕ್ಕ ಇಟ್ಟು ನೋಡೋಣ.