ಹೊಸ ನೌಕರನಿಗೆ ಹೆಚ್ಚಿನ ಸಂಬಳದ ಕರೆ ಬಂದಾಗ

ಲೆಕ್ಕಪತ್ರದ ಕೆಲಸಕ್ಕೆಂದು ಸೇರಿದ ಯುವಕ ನಾಲ್ಕೈದು ತಿಂಗಳಲ್ಲಿಯೇ ಬೇರೆಡೆಯ ನೇಮಕಾತಿ ಪತ್ರ ಹಿಡಿದು ಮಾಲೀಕರೆದುರು ನಿಲ್ಲುವುದು ನಮ್ಮ ಸಣ್ಣ ಉದ್ದಿಮೆಗಳಲ್ಲಿ ಸಾಮಾನ್ಯ ಸಂಗತಿ. ಮಾಲೀಕರಲ್ಲಿ ಕೆಲವರು ಸಿಟ್ಟಾಗುತ್ತಾರೆ; ಕೆಲವರು ಒಡನೆಯೇ ಒಂದೆರಡು ಸಾವಿರ ಏರಿಸುತ್ತಾರೆ. ಎರಡಕ್ಕೂ ಮೊದಲು ಆತನೊಡನೆ ಕುಳಿತು ಆ ಪತ್ರದ ಅಂಕಿಗಳನ್ನು ಬಿಡಿಸಿ ನೋಡುವುದು ಉಭಯತರಿಗೂ ಹಿತಕರ.

ಉದಾಹರಣೆಗೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಬಿ.ಕಾಂ. ಪದವೀಧರನೊಬ್ಬ ಮಾಸಿಕ 20,000 ರೂ. ಮೂಲ ವೇತನಕ್ಕೆ ಸೇರಿದ್ದಾನೆ ಎಂದಿಟ್ಟುಕೊಳ್ಳೋಣ. ಭವಿಷ್ಯನಿಧಿಗೆ 15,000 ರೂ. ಮಿತಿಯ ಮೇಲೆ ಶೇ. 12ರಂತೆ 1,800 ರೂ., ಇ.ಎಸ್.ಐ.ಗೆ ಶೇ. 0.75ರಂತೆ 150 ರೂ. ಕಡಿತವಾಗಿ ಅವನ ಕೈಗೆ 18,050 ರೂ. ಬರುತ್ತದೆ. ಈಗ ಬೆಂಗಳೂರಿನಿಂದ ವರ್ಷಕ್ಕೆ 3,60,000 ರೂ.ಗಳ ಪ್ಯಾಕೇಜಿನ ಪತ್ರ ಬಂದಿದೆ. ಆತ ಅದನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 30,000 ರೂ. ಎಂದು ಮನೆಯಲ್ಲಿ ಹೇಳಿಯೂ ಆಗಿದೆ.

ಪತ್ರದ ಹಿಂಬದಿಯ ಪಟ್ಟಿಯನ್ನು ಓದಿದರೆ ಚಿತ್ರ ಬೇರೆ. ಆ 30,000 ರೂ.ಗಳಲ್ಲಿ ಮಾಲೀಕರ ಪಾಲಿನ ಭವಿಷ್ಯನಿಧಿ 1,800, ಗ್ರಾಚ್ಯುಟಿಗೆಂದು ತೆಗೆದಿರಿಸುವ 1,150, ಗುಂಪು ಆರೋಗ್ಯ ವಿಮೆಯ ಕಂತು 550, ವರ್ಷಾಂತ್ಯದಲ್ಲಿ ಕೆಲಸ ನೋಡಿ ಕೊಡುವ ಪ್ರೋತ್ಸಾಹಧನ 2,500 ರೂ. ಸೇರಿವೆ. ಉಳಿಯುವ ಮಾಸಿಕ ವೇತನ 24,000 ರೂ. ಅದರಲ್ಲಿ ತನ್ನ ಪಾಲಿನ ಭವಿಷ್ಯನಿಧಿ 1,800 ಕಳೆದರೆ ಕೈಗೆ ಬರುವುದು 22,200 ರೂ. ಹತ್ತು ಸಾವಿರವೆಂದು ತೋರಿದ ವ್ಯತ್ಯಾಸ 4,150 ರೂ.ಗೆ ಇಳಿಯಿತು. ಇಲ್ಲಿ ತಂದೆತಾಯಿಯ ಮನೆಯಲ್ಲಿ ಉಂಡು ಮಲಗುವವನಿಗೆ ಅಲ್ಲಿ ಕೋಣೆ, ಊಟಕ್ಕೆ 8,000 ರೂ. ಹಿಡಿದರೂ ತಿಂಗಳಿಗೆ 3,850 ರೂ. ಕೊರತೆಯೇ. ಊರಿಗೆ ಬಂದುಹೋಗುವ ಬಸ್ಸಿನ ಖರ್ಚು ಬೇರೆ.

ಗ್ರಾಚ್ಯುಟಿಯ ಬಾಬತ್ತು ವಿಶೇಷವಾಗಿ ಗಮನಾರ್ಹ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಂತೆ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆ ಸಾಕಾದರೂ, ಖಾಯಂ ನೌಕರ ರಾಜೀನಾಮೆ ಕೊಟ್ಟು ಹೋಗುವುದಾದರೆ ಐದು ವರ್ಷ ಪೂರೈಸಿರಬೇಕು. ಎರಡು ವರ್ಷಕ್ಕೊಮ್ಮೆ ನೌಕರಿ ಬದಲಿಸುವವನಿಗೆ ಆ 1,150 ರೂ. ಕಾಗದದ ಮೇಲಿನ ಹಣ.

ಇನ್ನು ಇ.ಎಸ್.ಐ. ಇದರ ವೇತನ ಮಿತಿಯನ್ನು 2017ರ ಜನವರಿಯಿಂದ 21,000 ರೂ.ಗೆ ಏರಿಸಲಾಯಿತು. ಆ ಮಿತಿಯಂತೆ 24,000 ರೂ. ವೇತನದ ಹೊಸ ನೌಕರಿಯಲ್ಲಿ ಈ ಸೌಲಭ್ಯವಿಲ್ಲ. ತಿಂಗಳಿಗೆ 150 ರೂ. ಉಳಿಯಿತೆಂದು ಹಿಗ್ಗುವ ಯುವಕನಿಗೆ, ತನ್ನನ್ನೇ ಅವಲಂಬಿಸಿದ ತಂದೆತಾಯಿಯ ಚಿಕಿತ್ಸೆಯೂ ಅದೇ ಕಾರ್ಡಿನಲ್ಲಿ ನಡೆಯುತ್ತಿದ್ದುದು ನೆನಪಿರುವುದಿಲ್ಲ. ಹೊಸ ಕಂಪನಿಯ ಗುಂಪು ವಿಮೆ ಅವರನ್ನು ಒಳಗೊಂಡಿದೆಯೇ ಎಂದು ಬರಹದಲ್ಲಿ ಕೇಳಿಸಿರಿ. ಮನೆಯಲ್ಲಿ ಡಯಾಲಿಸಿಸ್ ಅಗತ್ಯವುಳ್ಳವರಿದ್ದರೆ, ಮೇಲಿನ ಎಲ್ಲ ಅಂಕಿಗಳಿಗಿಂತ ಈ ಒಂದು ಪ್ರಶ್ನೆ ದೊಡ್ಡದು.

ಹಾಗೆಂದು ಹೋಗಬಾರದೆಂದೇ ಲೆಕ್ಕ ಹೇಳುತ್ತದೆಂದಲ್ಲ. ಕರೆ ಇದೇ ಊರಿನದಾಗಿದ್ದರೆ 4,150 ರೂ. ನಿವ್ವಳ ಲಾಭ. ನಮ್ಮಲ್ಲಿ ವೋಚರ್ ಬರೆದು ಬ್ಯಾಂಕಿಗೆ ಓಡಾಡುವವನಿಗೆ ಅಲ್ಲಿ ಜಿ.ಎಸ್.ಟಿ. ರಿಟರ್ನ್, ಆಡಿಟ್ ತಯಾರಿ ಕೈಗೆ ಬರುವುದಾದರೆ, ಒಂದು ವರ್ಷದ ಕೊರತೆಯನ್ನು ಸಹಿಸಿಯೂ ಹೋಗುವುದು ವಿವೇಕವಾದೀತು. ಆಗ ಮಾಲೀಕರು ಕೇಳಿಕೊಳ್ಳಬೇಕಾದದ್ದು ಆ ಕೆಲಸವನ್ನು ಇಲ್ಲಿಯೇ ಏಕೆ ಕಲಿಸಲಿಲ್ಲವೆಂದು. ಪತ್ರ ತೋರಿಸಿದ ಮಾತ್ರಕ್ಕೆ ಸಂಬಳ ಏರಿಸುವುದನ್ನು ನಾನು ಒಪ್ಪುವುದಿಲ್ಲ; ಮರುವಾರ ಉಳಿದವರೂ ಪತ್ರ ತರುತ್ತಾರೆ. ಪ್ರೊಬೇಷನ್ ಮುಗಿದಾಗ ಎಷ್ಟು ಏರಿಕೆ, ಯಾವ ಹೊಣೆ ಎಂಬುದನ್ನು ನೇಮಕಾತಿ ಪತ್ರದಲ್ಲಿಯೇ ಬರೆದುಕೊಟ್ಟರೆ ಇಂತಹ ಪ್ರಸಂಗಗಳು ಎಷ್ಟೋ ಕಡಿಮೆಯಾಗುತ್ತವೆ.

ಹೋಗುವುದೇ ನಿಶ್ಚಯವಾದರೆ ಕೆಲವು ಬಾಬತ್ತುಗಳು ಉಳಿಯುತ್ತವೆ. ನೋಟಿಸ್ ನೀಡದೆ ಹೊರಟರೆ ನೇಮಕಾತಿ ಪತ್ರದ ಷರತ್ತಿನಂತೆ ವಸೂಲಿಯಾಗುವ ನೋಟಿಸ್ ವೇತನವನ್ನೂ ಆತ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಆ ವಸೂಲಿಯ ಮೇಲೆ ಜಿ.ಎಸ್.ಟಿ. ಇಲ್ಲವೆಂದು 2022ರ ಆಗಸ್ಟ್ 3ರ 178ನೇ ಸುತ್ತೋಲೆ ಸ್ಪಷ್ಟಪಡಿಸಿದೆ. ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟವನ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಮುಂದಿನ ತಿಂಗಳು ನೋಡೋಣವೆಂಬ ಹಳೆಯ ರೂಢಿ ನಡೆಯದು. ಭವಿಷ್ಯನಿಧಿಯನ್ನು ಆತ ಹಿಂಪಡೆಯದೆ ಹೊಸ ಖಾತೆಗೆ ವರ್ಗಾಯಿಸಿಕೊಳ್ಳಲಿ: ಐದು ವರ್ಷದೊಳಗೆ ಹಿಂಪಡೆದ ಹಣ ಸಾಮಾನ್ಯವಾಗಿ ತೆರಿಗೆಗೆ ಒಳಪಡುತ್ತದೆ, ವರ್ಗಾಯಿಸಿದರೆ ಹಿಂದಿನ ಸೇವೆಯೂ ಎಣಿಕೆಗೆ ಬರುತ್ತದೆ. ಇದಕ್ಕಾಗಿ ಆತ ಬಿಟ್ಟ ದಿನಾಂಕವನ್ನು ಮಾಲೀಕರು ಭವಿಷ್ಯನಿಧಿ ಪೋರ್ಟಲ್‌ನಲ್ಲಿ ತಡವಿಲ್ಲದೆ ನಮೂದಿಸಬೇಕು.