ತಡವಾದರೆ ಕಡಿಮೆಯಾಗುವುದು ರೇಸಲ್ಲ



ಗೋ-ಕಾರ್ಟ್ ಓಡಿಸುವುದು ಹೇಗೆಂದು ಹೇಳಿಕೊಡಲು ದಾವಣಗೆರೆಯ ಹುಡುಗ ಹುಡುಗಿಯರಾದ ನಿಮಗೆ ಬೇರೆಯವರಿದ್ದಾರೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ಸಂಸಾರ ಸಾಗಿಸಿದವನು ನಾನು. ಮೊಮ್ಮಗನ ಹಿಂದೆ ಹೋಗಿ ಟ್ರ್ಯಾಕಿನ ಪಕ್ಕ ಬಾವುಟ ಹಿಡಿಯಲು ಕಲಿತದ್ದು ತಲೆ ಬೆಳ್ಳಗಾದ ಮೇಲೆ. ಹಾಗಾಗಿ ವೇಗದ ವಿಚಾರ ನನ್ನನ್ನು ಕೇಳಬೇಡಿ. ರೇಸಿನ ದಿನ ಬೆಳಿಗ್ಗೆ ಆರೂವರೆ ಎಂದರೆ ಆರೂವರೆಗೇ ಯಾಕೆ ಬರಬೇಕು ಎಂಬುದನ್ನು ಕೇಳಿ, ಅದನ್ನು ಹೇಳುತ್ತೇನೆ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ, ಯುಬಿಡಿಟಿ 1951ರಷ್ಟು ಹಳೆಯದು. ವರ್ಕ್‌ಶಾಪಿನಲ್ಲಿ ಪೈಪು ಬಗ್ಗಿಸಿ, ವೆಲ್ಡ್ ಮಾಡಿ, ಬೈಕಿನ ಎಂಜಿನ್ ಕೂರಿಸಿ ಕಾರ್ಟ್ ಎಬ್ಬಿಸುವುದು ನಿಮ್ಮಂಥವರಿಗೆ ಹೊಸದೇನಲ್ಲ. ಕಾರ್ಟ್ ಹುಟ್ಟಿದ್ದೂ ಹೀಗೆಯೇ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಎಂಬ ಮೆಕ್ಯಾನಿಕ್ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನು ಪೈಪಿನ ಚೌಕಟ್ಟಿಗೆ ಕಟ್ಟಿದ, ಅಷ್ಟೇ. ಗಾಡಿ ಮಾಡಲು ಹತ್ತು ಜನ ಸಿಗುತ್ತಾರೆ, ಓಡಿಸಲು ಇಪ್ಪತ್ತು ಜನ ಸಾಲು ನಿಲ್ಲುತ್ತಾರೆ. ಮೂರನೇ ತಿರುವಿನಲ್ಲಿ ಬಿಸಿಲಿಗೆ ನಿಂತು ಹಳದಿ ಬಾವುಟ ಹಿಡಿಯಲು ಮಾತ್ರ ಯಾರನ್ನು ಕರೆದರೂ ಫೋನು ಬಿಜಿ.

ಒಂದು ಲೆಕ್ಕ ಹಾಕೋಣ. ಭಾನುವಾರ ರೇಸು. ಸ್ವಯಂಸೇವಕರು ಆರೂವರೆಗೆ ಸೇರಬೇಕು, ಏಳಕ್ಕೆ ಗಾಡಿಗಳ ತಪಾಸಣೆ, ಎಂಟೂವರೆಗೆ ಚಾಲಕರಿಗೆ ಬ್ರೀಫಿಂಗ್, ಒಂಬತ್ತಕ್ಕೆ ಪ್ರಾಕ್ಟೀಸ್. ತಪಾಸಣೆ ಮಾಡಬೇಕಾದ ಇಬ್ಬರು ಒಂದು ಗಂಟೆ ತಡವಾಗಿ ಬಂದರು ಅನ್ನಿ. ಆ ಒಂದು ಗಂಟೆಯನ್ನು ಎಲ್ಲಿಂದ ತರುತ್ತೀರಿ? ಫೈನಲ್‌ನಲ್ಲಿ ನಾಲ್ಕು ಲ್ಯಾಪ್ ಕಡಿಮೆ ಮಾಡಿದರೆ ಪ್ರವೇಶ ಶುಲ್ಕ ಕಟ್ಟಿದ ಅಪ್ಪಂದಿರು ಬಿಡುವುದಿಲ್ಲ. ಊಟದ ಬಿಡುವಿಗೆ ಕೈ ಹಾಕಿದರೆ ಬಾವುಟ ಹಿಡಿಯುವ ಮಾರ್ಷಲ್‌ಗಳು ಸುಮ್ಮನಿರುವುದಿಲ್ಲ. ಆಂಬುಲೆನ್ಸಿಗೆ ಮಾತಾಡಿಕೊಂಡದ್ದು ಸಂಜೆ ಐದರ ತನಕ. ಹೀಗೆ ಎಲ್ಲ ಕಡೆ ಬಾಗಿಲು ಹಾಕಿಕೊಂಡ ಮೇಲೆ ಕತ್ತರಿ ಬೀಳುವುದು ತಪಾಸಣೆಗೆ, ಬ್ರೀಫಿಂಗಿಗೆ. "ಹೋದ ಸಲ ನೋಡಿದ ಗಾಡೀನೇ ಅಲ್ವಾ, ಬಿಡಿ ಸಾರ್" ಎಂಬ ಮಾತು ಬರುತ್ತದೆ. "ಎಲ್ಲರಿಗೂ ರೂಲ್ಸ್ ಗೊತ್ತಿದೆ, ಶುರು ಮಾಡೋಣ" ಎಂಬ ಮಾತು ಬರುತ್ತದೆ. ರೇಸಿನಲ್ಲಿ ಒಂದು ಲ್ಯಾಪೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ನಟ್ಟಿನ ಮೇಲೆ ಸ್ಪ್ಯಾನರ್ ಇಟ್ಟು ನೋಡುವ ಹೊತ್ತು. ನಾನು ನಿಮಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ, ಉಳಿದದ್ದು ಇದರ ವಿವರ.

ಆ ಹೊತ್ತಿನ ಬೆಲೆ ಏನೆಂದು ತಿಳಿಯಲು ಕಾರ್ಟನ್ನು ಸರಿಯಾಗಿ ನೋಡಬೇಕು. ಅದಕ್ಕೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್ ಮೇಲೆ ಒಟ್ಟಿಗೆ ತಿರುಗುತ್ತವೆ, ತಿರುವಿನಲ್ಲಿ ಚಾಸಿಯೇ ಬಾಗಿ ಒಳಗಿನ ಚಕ್ರವನ್ನು ಎತ್ತಿಕೊಡಬೇಕು. ಬಹಳಷ್ಟು ಕಾರ್ಟ್‌ಗಳಿಗೆ ಬ್ರೇಕ್ ಇರುವುದೂ ಹಿಂದಿನ ಆಕ್ಸಲ್ಲಿಗೆ ಮಾತ್ರ. ಸ್ಪರ್ಧೆಯ ಕಾರ್ಟಿನಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ. ಮೇಲೆ ರಕ್ಷಣೆಯ ಚೌಕಟ್ಟು ಇಲ್ಲದ ಗಾಡಿ ಮಗುಚಿದಾಗ ಅದಕ್ಕೆ ಕಟ್ಟಿಕೊಂಡಿರುವುದಕ್ಕಿಂತ ಆಚೆ ಬೀಳುವುದು ವಾಸಿ ಎಂಬ ಲೆಕ್ಕ. ಇಂಥ ಗಾಡಿಯಲ್ಲಿ ಬ್ರೇಕಿನ ಒಂದು ಪಿನ್ನು, ಸ್ಟಿಯರಿಂಗಿನ ಒಂದು ಬೋಲ್ಟು, ಚೈನಿನ ಮೇಲಿನ ಒಂದು ಕವಚ ಇಲ್ಲವೆಂದರೆ ಅದನ್ನು ಸರಿದೂಗಿಸಲು ಇನ್ನೇನೂ ಇಲ್ಲ.

ಕೂದಲಿನ ಮಾತು ಹೇಳಿದರೆ ಹುಡುಗಿಯರು ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲಿ, ಹೇಳಿಯೇ ತೀರುತ್ತೇನೆ. 2019ರ ಫೆಬ್ರವರಿಯಲ್ಲಿ ಹರಿಯಾಣದ ಪಿಂಜೋರ್ ಉದ್ಯಾನದಲ್ಲಿ, 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ, ಗೋ-ಕಾರ್ಟಿನ ಚಕ್ರಕ್ಕೆ ಕೂದಲು ಸಿಕ್ಕಿ ಇಬ್ಬರು ಜೀವ ಕಳೆದುಕೊಂಡರು. ಹೈದರಾಬಾದಿನವಳು ನಿಮ್ಮ ವಯಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎರಡೂ ರೇಸಿನ ದಿನ ನಡೆದದ್ದಲ್ಲ, ಮನರಂಜನೆಗೆಂದು ಹೋದ ಕಡೆ ನಡೆದದ್ದು. ಆದರೆ ಆಕ್ಸಲ್‌ಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಿಟ್ ಬಾಗಿಲಲ್ಲಿ ನಿಂತವರು ಪ್ರತಿಯೊಬ್ಬರ ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಬೇಕು, ಜಡೆ ಡ್ರೆಸ್ಸಿನ ಒಳಗೆ ಹೋಗಿದೆಯೇ, ಕೊರಳಲ್ಲಿ ವೇಲ್ ಇದೆಯೇ, ಜಾಕೆಟ್ಟಿನ ದಾರ ನೇತಾಡುತ್ತಿದೆಯೇ ಎಂದು ನೋಡಬೇಕು. ಒಬ್ಬರಿಗೆ ಒಂದು ನಿಮಿಷ ಹಿಡಿಯುತ್ತದೆ. ಇಪ್ಪತ್ತು ಜನರಿದ್ದರೆ ಇಪ್ಪತ್ತು ನಿಮಿಷ. ಬೆಳಿಗ್ಗೆ ತಡವಾಗಿ ಬಂದವನು ತಿಂದು ಹಾಕುವುದು ಈ ಇಪ್ಪತ್ತು ನಿಮಿಷವನ್ನು.

"ಆಂಬುಲೆನ್ಸ್ ಇದ್ಯಲ್ಲ ಅಜ್ಜಾರೇ" ಎನ್ನುತ್ತೀರಿ. ಇದೆ. ಅದು ಬಂದು ನಿಲ್ಲುವ ತನಕ ಒಂದು ಚಕ್ರವೂ ಉರುಳಬಾರದು. ಯಾರನ್ನಾದರೂ ಕರೆದುಕೊಂಡು ಅದು ಆಸ್ಪತ್ರೆಗೆ ಹೊರಟರೆ, ಅದೇ ವಾಪಸ್ ಬರುವವರೆಗೆ ಅಥವಾ ಇನ್ನೊಂದು ಬರುವವರೆಗೆ ಟ್ರ್ಯಾಕ್ ಸುಮ್ಮನಿರಬೇಕು. ಆಂಬುಲೆನ್ಸ್ ಚಾಲಕನಿಗೆ ಹಿಂದಿನ ರಾತ್ರಿಯೇ ದಾರಿ ಹೇಳಿ, ಗೇಟಿನ ಹತ್ತಿರ ಎದುರುಗೊಳ್ಳುವುದು ಒಬ್ಬ ಸ್ವಯಂಸೇವಕನ ಕೆಲಸ. ಬಹುಮಾನ ಕೊಡುವಾಗ ಅವನ ಹೆಸರು ಯಾರೂ ಕೂಗುವುದಿಲ್ಲ.

ಈಗ ಬಾವುಟಕ್ಕೆ ಬರೋಣ. ಕಾರ್ಟಿನಲ್ಲಿ ಕೂತವನ ಕಣ್ಣು ನಿಮ್ಮ ಸೊಂಟದ ಮಟ್ಟಕ್ಕೂ ಬರುವುದಿಲ್ಲ. ತಿರುವಿನ ಆಚೆ ಒಂದು ಗಾಡಿ ಅಡ್ಡ ನಿಂತಿದ್ದರೆ ಸಾಲಾಗಿಟ್ಟ ಟೈರುಗಳ ಮರೆಯಲ್ಲಿ ಅವನಿಗೆ ಅದು ಕಾಣುವುದೇ ಇಲ್ಲ. ಅವನಿಗೆ ಕಾಣುವುದು ನಿಮ್ಮ ಕೈಯ ಹಳದಿ ಬಾವುಟ ಒಂದೇ: ನಿಧಾನಿಸು, ಯಾರನ್ನೂ ಹಿಂದೆ ಹಾಕಬೇಡ. ಅದಕ್ಕೇ ಒಬ್ಬನೇ ನಿಂತ ಮಾರ್ಷಲ್ ಬರುವ ಗಾಡಿಗಳಿಗೆ ಬೆನ್ನು ಕೊಡಬಾರದು. ಒಂದು ಜಾಗದಲ್ಲಿ ಇಬ್ಬರಿದ್ದರೆ ಒಬ್ಬ ಬರುವ ಕಡೆ, ಇನ್ನೊಬ್ಬ ಹೋಗುವ ಕಡೆ ನೋಡಬೇಕು. ಹಿಂದಿನಿಂದ ವೇಗದವನು ಬರುತ್ತಿದ್ದಾನೆಂದು ನಿಧಾನದವನಿಗೆ ತಿಳಿಸುವ ನೀಲಿ ಬಾವುಟ ಇದಕ್ಕಿಂತ ಕಷ್ಟದ್ದು. ಯಾರು ಎಷ್ಟನೇ ಲ್ಯಾಪಿನಲ್ಲಿದ್ದಾರೆ ಎಂಬುದು ತಲೆಯಲ್ಲಿರಬೇಕು. ಮೊಬೈಲ್ ನೋಡುತ್ತಾ ನಿಂತವನಿಂದ ಆಗುವ ಕೆಲಸವಲ್ಲ. ಮೊಬೈಲನ್ನು ಬ್ಯಾಗಿನಲ್ಲಿಡಿ. ರೀಲ್ಸ್ ಮಾಡಲು ಬಂದವರು ಗ್ಯಾಲರಿಯಲ್ಲಿ ಕೂರಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ.

ಕೆಂಪು, ಹಳದಿ ಅಂಗಿ ಹಾಕಿಕೊಂಡು ಬರಬೇಡಿ, ದೂರದಿಂದ ಬಾವುಟದಂತೆಯೇ ಕಾಣುತ್ತದೆ. ನೈಲಾನ್, ಪಾಲಿಯೆಸ್ಟರ್ ಕೂಡ ಬೇಡ, ಪೆಟ್ರೋಲ್ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ನಿಮ್ಮದು, ಒಂದು ತುಂಬುತೋಳಿನ ಹತ್ತಿ ಅಂಗಿಗೆ ಗತಿಯಿಲ್ಲ ಎನ್ನಬೇಡಿ.

ಸಮಯಪಾಲನೆ ಎಂದರೆ ಬೇಗ ಬರುವುದು ಎಂದಷ್ಟೇ ತಿಳಿಯಬೇಡಿ. ರ‍್ಯಾಲಿಯ ನಿಯಮವೊಂದು ನನಗೆ ಬಹಳ ಇಷ್ಟ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ರ‍್ಯಾಲಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಟೈಮ್ ಕಂಟ್ರೋಲ್ ಎಂಬ ಜಾಗಕ್ಕೆ ಪ್ರತಿ ಕಾರೂ ಗೊತ್ತುಪಡಿಸಿದ ನಿಮಿಷಕ್ಕೇ ಬರಬೇಕು. ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ. ಒಂದು ನಿಮಿಷ ಮೊದಲೇ ಬಂದರೆ? ಪೂರ್ತಿ 1 ನಿಮಿಷ ದಂಡ. ಅವಸರಕ್ಕೆ ಆಲಸ್ಯದ ಆರು ಪಟ್ಟು ಶಿಕ್ಷೆ. ಈ ನಿಯಮ ಬರೆದವರಿಗೆ ಮನುಷ್ಯರ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಅವಸರ ಏನು ಮಾಡುತ್ತದೆ ಎಂಬುದಕ್ಕೆ 1977ರ ಮಾರ್ಚ್ 5ರಂದು ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ನಡೆದದ್ದನ್ನು ನೀವು ತಿಳಿದಿರಬೇಕು. ಫಾರ್ಮುಲಾ ಒನ್ ರೇಸು. ರೆಂಜೊ ಜೋರ್ಜಿಯ ಕಾರು ಪಿಟ್‌ನ ಎದುರು ಬದಿಗೆ ನಿಂತಿತು, ಸಣ್ಣ ಬೆಂಕಿ ಕಾಣಿಸಿತು. ಇಬ್ಬರು ಮಾರ್ಷಲ್‌ಗಳು ಯಾರ ಅಪ್ಪಣೆಗೂ ಕಾಯದೆ ಟ್ರ್ಯಾಕಿಗೆ ಅಡ್ಡವಾಗಿ ಓಡಿದರು. ದಿಬ್ಬದ ಆಚೆಯಿಂದ ಟಾಮ್ ಪ್ರೈಸ್‌ನ ಕಾರು ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ ಬಂತು. ಮೊದಲನೆಯವನು ದಾಟಿಕೊಂಡ. ಎರಡನೆಯವನಾದ 19 ವರ್ಷದ ಯಾನ್ಸೆನ್ ವಾನ್ ವೂರೆನ್‌ಗೆ ಕಾರು ಬಡಿಯಿತು, ಅವನ ಕೈಯಲ್ಲಿದ್ದ ಅಗ್ನಿಶಾಮಕ ಸಿಲಿಂಡರ್ ಪ್ರೈಸ್‌ನ ತಲೆಗೆ ಬಡಿಯಿತು. ಇಬ್ಬರೂ ಸತ್ತರು. ಜೋರ್ಜಿ ಅಷ್ಟರಲ್ಲಿ ತಾನಾಗಿಯೇ ಕಾರಿನಿಂದ ಇಳಿಯುತ್ತಿದ್ದ. ಆ ಹುಡುಗನಿಗೆ ಧೈರ್ಯ ಕಡಿಮೆಯಿರಲಿಲ್ಲ, ಒಳ್ಳೆಯ ಮನಸ್ಸಿಗೂ ಕೊರತೆಯಿರಲಿಲ್ಲ. ದಾಟು ಎಂದು ಹೇಳುವವರಿಲ್ಲದೆ ದಾಟಿದ. ನಿಮ್ಮ ಗೆಳೆಯನ ಕಾರ್ಟೇ ಮಗುಚಿರಲಿ, ಮೊದಲು ಬಾವುಟ, ಆಮೇಲೆ ಸನ್ನೆ, ಆಮೇಲೆ ಕಾಲು.

ಜಾಗ ಬಿಟ್ಟು ಹೋಗುವುದಕ್ಕೂ ಒಂದು ಸಮಯವಿದೆ. ಕಾರ್ಖಾನೆಯಲ್ಲಿ ಎರಡನೇ ಪಾಳಿಯವನು ಬಂದು ಮೆಷಿನ್ನಿನ ಮುಂದೆ ನಿಂತು, ಯಾವ ಟೂಲ್ ಹಾಕಿದೆ, ಎಷ್ಟು ಕಟ್ ಕೊಟ್ಟಿದೆ ಎಂದು ಕೇಳಿಕೊಂಡ ಮೇಲೆಯೇ ಮೊದಲನೇ ಪಾಳಿಯವನು ಕೈ ತೊಳೆಯಲು ಹೋಗುತ್ತಿದ್ದ. ಟ್ರ್ಯಾಕಿನಲ್ಲೂ ಹಾಗೆಯೇ. ಬದಲಿ ಬರುವ ತನಕ ಕದಲಬೇಡಿ. ಬಂದವನಿಗೆ ಬಾವುಟ ಕೊಡುವ ಮುನ್ನ, ಏಳನೇ ನಂಬರ್ ಪದೇ ಪದೇ ಒಳಗೆ ಕತ್ತರಿಸುತ್ತಿದ್ದಾನೆ, ಎರಡನೇ ಟೈರ್ ಸಾಲು ಜರುಗಿದೆ ಎಂದು ಹೇಳಿ ಕೊಡಿ. ಹೊಟ್ಟೆ ಹಸಿದಿದೆ, ಬೆಣ್ಣೆ ದೋಸೆ ತಿಂದು ಐದೇ ನಿಮಿಷಕ್ಕೆ ಬರುತ್ತೇನೆ ಎಂದು ಹೋದವರನ್ನು ನಾನು ನೋಡಿದ್ದೇನೆ. ದಾವಣಗೆರೆಯಲ್ಲಿ ಐದು ನಿಮಿಷಕ್ಕೆ ದೋಸೆ ತಿಂದು ಎದ್ದವರು ಯಾರಾದರೂ ಇದ್ದಾರೆಯೇ?

ನೆಪಗಳ ವಿಚಾರವನ್ನು ಬೇಗ ಮುಗಿಸುತ್ತೇನೆ, ಎಲ್ಲವೂ ನನಗೆ ಬಾಯಿಪಾಠ. "ಹರಿಹರ ಬಿಟ್ವಿ ಅಜ್ಜಾರೇ" ಎಂದರೆ ಇನ್ನೂ ಬಚ್ಚಲಲ್ಲಿದ್ದಾರೆ ಎಂದರ್ಥ. ರೈಲ್ವೆ ಗೇಟು ಹಾಕಿತ್ತು ಎಂಬ ನೆಪ ನಿಮ್ಮ ಅಪ್ಪಂದಿರ ಕಾಲದಿಂದ ನಡೆದು ಸವೆದಿದೆ. ಗೇಟು ಹಾಕುತ್ತದೆ ಎಂದು ಗೊತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿದು ಹೊರಡಬೇಕು. ಊರು ಬಿಟ್ಟು ಹೋಗುವ ದಿನವಂತೂ ಇದು ಇನ್ನೂ ಮುಖ್ಯ. ನಮ್ಮ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 260 ಕಿಲೋಮೀಟರ್ ಹೋದರೆ ಬೆಂಗಳೂರು, ಅಲ್ಲಿ ಮೆಕೋ ಕಾರ್ಟೋಪಿಯಾ. ಅದೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಕೊಲ್ಲಾಪುರ, ಅಲ್ಲಿ ಮೋಹಿತೆಯವರ ಟ್ರ್ಯಾಕು. ಎರಡಕ್ಕೂ ಬೆಳಿಗ್ಗೆ ಎದ್ದು ಹೊರಟರೆ ಆಗುವುದಿಲ್ಲ, ಹಿಂದಿನ ದಿನವೇ ತಲುಪಬೇಕು. ಅಲ್ಲಿ ಬ್ರೀಫಿಂಗ್ ತಪ್ಪಿಸಿದವನನ್ನು ಹೊರಗೆ ನಿಲ್ಲಿಸಿದರೆ ಅಧಿಕಾರಿಯ ಮೇಲೆ ಸಿಟ್ಟಾಗಬೇಡಿ. ಅವನು ನಿಮ್ಮ ಪಕ್ಕದ ಗಾಡಿಯವನನ್ನು ಕಾಪಾಡುತ್ತಿದ್ದಾನೆ.

ಬಾವುಟ ಹಿಡಿಯುವುದು ಚಿಲ್ಲರೆ ಕೆಲಸ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಏಳು ಸಲ ವಿಶ್ವ ಚಾಂಪಿಯನ್ ಆದ ಮೈಕೆಲ್ ಶುಮಾಕರ್‌ನ ಅಪ್ಪ ಜರ್ಮನಿಯ ಕೆರ್ಪೆನ್ ಎಂಬ ಊರಿನ ಕಾರ್ಟ್ ಟ್ರ್ಯಾಕ್ ನೋಡಿಕೊಳ್ಳುತ್ತಿದ್ದರು, ಅಮ್ಮ ಅಲ್ಲಿನ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದರು. ಇಂದಿಗೂ ಫಾರ್ಮುಲಾ ಒನ್ ಟ್ರ್ಯಾಕುಗಳ ಪಕ್ಕ ನಿಲ್ಲುವ ಮಾರ್ಷಲ್‌ಗಳಲ್ಲಿ ಬಹುಪಾಲು ಜನ ಸಂಬಳವಿಲ್ಲದ ಸ್ವಯಂಸೇವಕರು. ಓಡಿಸುವ ಆಸೆಯಿದ್ದವರು ವರ್ಷದಲ್ಲಿ ಒಂದೆರಡು ರೇಸಿಗಾದರೂ ಬಾವುಟ ಹಿಡಿಯಿರಿ. ತಿರುವಿನಲ್ಲಿ ನಿಂತು ದಿನವಿಡೀ ನೋಡಿದವನಿಗೆ, ಯಾರು ಎಲ್ಲಿ ಬ್ರೇಕ್ ಹಾಕುತ್ತಾರೆ, ಯಾರ ಹಿಂದಿನ ಚಕ್ರ ಯಾಕೆ ಜಾರುತ್ತದೆ ಎಂಬುದು ಸೀಟಿನಲ್ಲಿ ಕೂತವನಿಗಿಂತ ಚೆನ್ನಾಗಿ ತಿಳಿಯುತ್ತದೆ. ಇದರಲ್ಲಿ ಸ್ವಾರ್ಥವೂ ಇದೆ, ಇರಲಿ.

ಇನ್ನು ಮುಂದಿನ ರೇಸಿನ ಸ್ವಯಂಸೇವಕರ ಪಟ್ಟಿಗೆ ಹೆಸರು ಬರೆಸುವ ವಿಚಾರ. ಪರೀಕ್ಷೆ ಇದೆಯೇ, ಮನೆಯಲ್ಲಿ ಮದುವೆ ಇದೆಯೇ, ಆ ವಾರ ಅಪ್ಪನ ಅಂಗಡಿಯಲ್ಲಿ ಕೂರಬೇಕೇ? ಹೆಸರು ಕೊಡಬೇಡಿ. ಕೊಡದವನ ಮೇಲೆ ಯಾರಿಗೂ ಬೇಸರವಿಲ್ಲ, ಆ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಲು ಪಟ್ಟಿ ಮಾಡುವ ಕಾರ್ಯದರ್ಶಿಗೆ ಒಂದು ವಾರ ಸಿಗುತ್ತದೆ. ಕೊಟ್ಟ ಮೇಲೆ ಜ್ವರ ಬಂತೆನ್ನಿ, ಶನಿವಾರ ರಾತ್ರಿ ಎಂಟರೊಳಗೆ ಫೋನ್ ಮಾಡಿ ಹೇಳಿ. ಗ್ರೂಪಿನಲ್ಲಿ ಮೆಸೇಜ್ ಹಾಕಿ ಮಲಗಬೇಡಿ, ಬಾಯಲ್ಲಿ ಹೇಳಿ. ನಾನು ಹತ್ತೂವರೆಯವರೆಗೂ ಎದ್ದಿರುತ್ತೇನೆ, ನನಗೇ ಮಾಡಿದರೂ ಆದೀತು.